ಬಿದಿರಿನ ನಳಿಗೆಯಲ್ಲಿ ಒಂಟಿಜೇನು: ಕುಷ್ಟಗಿ ಸೀಮೆಯ ನನ್ನ ಅನುಭವ

ಕುಷ್ಟಗಿ ತಾಲೂಕಿನ ನಮ್ಮ ಊರಿನ ಹಿತ್ತಲಿನಲ್ಲಿ ಹುಳಗಳು ಗೂಡು ಮಾಡಲೆಂದು ಬಿದಿರಿನ ತುಂಡುಗಳನ್ನು ಜೋಡಿಸಿ ನಾನು ಕಟ್ಟಿರುವ ಹುಳದ ಮನೆಯ ಸುಮಾರು 120 ನಳಿಗೆಗಳ ಪೈಕಿ ಕಳೆದ ದೀಪಾವಳಿಯ ಹೊತ್ತಿಗೆ 50ಕ್ಕಿಂತ ಹೆಚ್ಚಿನವುಗಳ ಬಾಯಿ ಮುಚ್ಚಿತ್ತು, ಅಂದರೆ ಹುಳಗಳು ಒಳಗೆ ಮೊಟ್ಟೆಯಿಟ್ಟು ಬಾಯಿ ಮೆತ್ತಿ ಹೋಗಿದ್ದವು. "ಮನ್ಯಾಗ ಮಂದಿಗೇ ಜಾಗಾ ಸಾಲವಲ್ದು, ಇಂವ ಹುಳಕ್ಕ ಮನಿ ಕಟ್ಟಾಕ ಹತ್ಯಾನ" ಎಂದು ಮೂರು ವರ್ಷ ನಕ್ಕಿದ್ದ ನಮ್ಮ ದೊಡ್ಡಪ್ಪನವರೇ ಕನ್ನಡಕ ಹಾಕಿಕೊಂಡು ಬಂದು ಅವುಗಳನ್ನು ಎಣಿಸಿದರು. ಅವರ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಎರಡೋ ಮೂರೋ ವ್ಯತ್ಯಾಸ ಬಂತು.

ಪೆಟ್ಟಿಗೆಯಲ್ಲಿ ಜೇನು ಸಾಕುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಇದರಿಂದ ಒಂದು ಹನಿ ತುಪ್ಪವೂ ಸಿಗುವುದಿಲ್ಲ. ಇಲ್ಲಿಗೆ ಬರುವವು ಗುಂಪು ಕಟ್ಟದೆ ಒಂಟಿಯಾಗಿಯೇ ಗೂಡು ಮಾಡುವ, ಎಲೆ ಕತ್ತರಿಸುವ ಒಂಟಿಜೇನು, ಮಣ್ಣು ಮೆತ್ತುವ ಕಡಜ ಮತ್ತು ಕರಿಯ ದುಂಬಿ. ನಾನು ಈ ಕೆಲಸಕ್ಕೆ ಕೈಹಾಕಿದ್ದು ಬದನೆಗಾಗಿ. ಬದನೆ ಹೂವಿನ ಪರಾಗಕೋಶದ ತುದಿಯಲ್ಲಿ ಸಣ್ಣ ರಂಧ್ರ ಮಾತ್ರ ಇರುವುದರಿಂದ, ಹೂವನ್ನು ಅಪ್ಪಿ ಹಿಡಿದು ಗುಂಯ್ಯೆಂದು ನಡುಗಿಸುವ ದುಂಬಿಯಂಥ ಹುಳ ಬಂದರೆ ಪರಾಗ ಚೆನ್ನಾಗಿ ಉದುರುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಆ ವಿದ್ಯೆ ಬರುವುದಿಲ್ಲ.

2021ರ ಬೇಸಿಗೆಯಲ್ಲಿ ಕಟ್ಟಿದ ಮೊದಲ ಮನೆ ನೋಡಲು ಬಹಳ ಚೆಂದವಿತ್ತು. ಚಿತ್ರದಲ್ಲಿ ಕಂಡಂತೆ ಸಾಗುವಾನಿ ಚೌಕಟ್ಟು ಮಾಡಿಸಿ, ಒಳಗೆ ತೆಂಗಿನ ನಾರು, ಒಣ ಎಲೆ, ಇಟ್ಟಿಗೆ ಚೂರು ಮತ್ತು ಎರಡೂ ಕಡೆ ತೆರೆದ ಬಿದಿರಿನ ತುಂಡುಗಳನ್ನು ತುಂಬಿ ಬೇವಿನ ಕೊಂಬೆಗೆ ತೂಗುಹಾಕಿದ್ದೆ. ಬಡಗಿಯ ಕೂಲಿಯೂ ಸೇರಿ 2,800 ರೂಪಾಯಿಯಷ್ಟು ಹೋಯಿತು. ನಾರಿನಲ್ಲಿ ಇರುವೆ ಗೂಡು ಕಟ್ಟಿತು, ಎಲೆಯ ಸಂದಿಯಲ್ಲಿ ಹಲ್ಲಿ ಮೊಟ್ಟೆಯಿಟ್ಟಿತು, ಜೇನು ಮಾತ್ರ ಬರಲಿಲ್ಲ. ಗಾಳಿಗೆ ಓಲಾಡುವ ಮನೆಯನ್ನಾಗಲಿ, ಎರಡು ಬಾಗಿಲಿನ ನಳಿಗೆಯನ್ನಾಗಲಿ ಅವು ಒಪ್ಪುವುದಿಲ್ಲವೆಂದು ತಿಳಿಯಲು ನನಗೆ ಒಂದು ವರ್ಷವೇ ಬೇಕಾಯಿತು.

ಎರಡನೆಯ ವರ್ಷ ದುಡ್ಡು ಉಳಿಸಲು ಹೋಗಿ ಹೊಲದ ಬದುವಿನ ಔಡಲ ದಂಟುಗಳನ್ನು ಕತ್ತರಿಸಿ ಕಟ್ಟು ಮಾಡಿದೆ. ಏಳೆಂಟು ನಳಿಗೆಗಳಲ್ಲಿ ಜೇನು ಕೂತೂ ಕೂತಿತು, ಆದರೆ ಮುಂಗಾರಿನ ಎರಡು ದೊಡ್ಡ ಮಳೆಗೆ ದಂಟು ಕೊಳೆತು ಒಳಗೆಲ್ಲ ಬೂಸ್ಟು ಹಿಡಿಯಿತು. ಮಳೆಗೆ ಜಗ್ಗದ ಪ್ಲಾಸ್ಟಿಕ್ ಪೈಪಿನ ತುಂಡುಗಳನ್ನು ಇಟ್ಟು ನೋಡಿದಾಗ ಒಳಗಿನ ತೇವ ಹೊರಗೆ ಹೋಗದೆ ಮರಿಗಳು ಸತ್ತವು. ಮೂರನೆಯ ವರ್ಷ ಬಿದಿರಿಗೇ ಮರಳಿ ಬಂದು, ತೆರೆದಿದ್ದ ಹಿಂಭಾಗವನ್ನು ಯರೆಮಣ್ಣಿನಿಂದ, ಅಂದರೆ ನಮ್ಮ ಕಪ್ಪು ಮಣ್ಣಿನಿಂದ ಮೆತ್ತಿದೆ. ನಮ್ಮ ಯರೆ ಒಣಗಿದರೆ ಹೇಗೆ ಬಿರಿಯುತ್ತದೆಂಬುದು ಹೊಲದಲ್ಲಿ ನಡೆದಾಡುವ ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು, ಆದರೂ ಮೆತ್ತಿದೆ. ಬಿರುಕಿನ ಸಂದಿಯಿಂದ ಬಾಲದಲ್ಲಿ ಸೂಜಿಯಿರುವ ಸಣ್ಣ ಪರಾವಲಂಬಿ ಕಡಜಗಳು ಒಳನುಗ್ಗಿ ಅರ್ಧಕ್ಕರ್ಧ ಮರಿಗಳನ್ನು ಮುಗಿಸಿದವು.

ಕೊನೆಗೆ ಫಲಿಸಿದ ವಿಧಾನ ಇಷ್ಟೇ. ಬಿದಿರನ್ನು ಗಂಟಿನ ಹಿಂದೆಯೇ ಕೊಯ್ದರೆ ಗಂಟೇ ಹಿಂಗೋಡೆಯಾಗುತ್ತದೆ, ಮೆತ್ತುವ ಗೊಡವೆಯೇ ಇಲ್ಲ. ಉದ್ದ ಒಂದು ಗೇಣಿಗೆ ಸ್ವಲ್ಪ ಕಡಿಮೆ, ಅಂದರೆ 15 ರಿಂದ 18 ಸೆಂಟಿಮೀಟರ್. ಒಳಗಿನ ಅಗಲ ಹೆಚ್ಚಿನವಕ್ಕೆ 6 ರಿಂದ 10 ಮಿಲಿಮೀಟರ್, ದುಂಬಿಗೆಂದು ಹತ್ತಿಪ್ಪತ್ತು ನಳಿಗೆಗಳು 12 ರಿಂದ 15. ಬಾಯಿಯ ಸಿಬಿರನ್ನು ಪಾಲಿಶ್ ಪೇಪರಿನಿಂದ ಉಜ್ಜಲೇಬೇಕು, ಇಲ್ಲದಿದ್ದರೆ ರೆಕ್ಕೆ ಹರಿಯುತ್ತದೆ. ಗಂಟಿಲ್ಲದೆ ಉಳಿದ ತುಂಡುಗಳಿಗೆ ಮಸಾರಿ ಮಣ್ಣನ್ನು, ಅಂದರೆ ಕೆಂಪು ಮಣ್ಣನ್ನು ಸಗಣಿಯೊಂದಿಗೆ ಕಲಸಿ ಮೆತ್ತಿದ್ದೇನೆ. ಅದಕ್ಕೆ ಇನ್ನೊಂದು ವಸ್ತುವನ್ನೂ ಸೇರಿಸುತ್ತೇನೆ, ಅದೇನೆಂಬುದು ಸದ್ಯ ನನ್ನ ಬಳಿಯೇ ಇರಲಿ.

ದಿಕ್ಕಿನ ವಿಷಯದಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬಾರದು. ತಂಪು ಸೀಮೆಯವರು ದಿನವಿಡೀ ಬಿಸಿಲು ಬೀಳುವ ಜಾಗ ಹುಡುಕಿ ಎನ್ನುತ್ತಾರೆ; ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಹಾಗೆ ಮಾಡಿದರೆ ಮರಿಗಳು ನಳಿಗೆಯಲ್ಲೇ ಬೆಂದುಹೋಗುತ್ತವೆ. ನಾನು ದನದ ಕೊಟ್ಟಿಗೆಯ ಮೂಡಣ ಗೋಡೆಗೆ, ಎದೆಯೆತ್ತರದಲ್ಲಿ, ಅಲುಗಾಡದಂತೆ ಮೊಳೆ ಹೊಡೆದಿದ್ದೇನೆ. ಬೆಳಗಿನ ಎಳೆಬಿಸಿಲು ಬಿದ್ದು, ಹತ್ತು ಗಂಟೆಯ ನಂತರ ಸೂರಿನ ನೆರಳು ಬರುತ್ತದೆ. ಗೋಡೆಯ ಮೇಲೆ ಹರಿಯುವ ಇರುವೆಯನ್ನು ತಡೆಯಲು ಮೊಳೆಗಳ ಬುಡಕ್ಕೆ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಸುತ್ತಿದ್ದು, ಅದನ್ನು ಹದಿನೈದು ದಿನಕ್ಕೊಮ್ಮೆ ಬದಲಿಸಬೇಕು. ಮುಂದೆ ನಾಲ್ಕು ಬೆರಳು ಬಿಟ್ಟು ಕೋಳಿ ಜಾಲರಿ ಕಟ್ಟಿದ ಮೇಲೆ ಹಕ್ಕಿಗಳ ಕಾಟ ನಿಂತಿತು. ಎರಡು ಬಿದಿರು, ಜಾಲರಿ, ಹಳೆಯ ತಗಡು ಎಲ್ಲ ಸೇರಿ ಖರ್ಚು 400 ರೂಪಾಯಿ ದಾಟಿಲ್ಲ.

ಹತ್ತಿರದಲ್ಲೇ ಒಂದು ಗುಂಡಿಯಲ್ಲಿ ಮಸಾರಿ ಮಣ್ಣನ್ನು ಹಸಿಯಾಗಿ ಇಟ್ಟಿದ್ದೆ, ಪಕ್ಕದ ಇನ್ನೊಂದರಲ್ಲಿ ಯರೆ. ಕಡಜಗಳು ಮಸಾರಿಗೇ ಮುಗಿಬಿದ್ದವು. ಅವುಗಳ ಬುದ್ಧಿ ನನಗಿಂತ ಚುರುಕಾಗಿತ್ತು. ಎಲೆ ಕತ್ತರಿಸುವ ಜೇನು ನಮ್ಮ ಮನೆಯವರ ಗುಲಾಬಿ ಎಲೆಗಳನ್ನು ಅರ್ಧಚಂದ್ರಾಕಾರದಲ್ಲಿ ಕೊಯ್ದೊಯ್ದಿದ್ದರಿಂದ ಎರಡು ವಾರ ಮನೆಯಲ್ಲಿ ಮಾತು ಕಡಿಮೆಯಿತ್ತು. ಬಿದ್ದುಹೋದ ಹಳೆಯ ಮನೆಯ ಹಸಿ ಇಟ್ಟಿಗೆಗಳಿಗೆ ತೂತು ಕೊರೆದು ಇಟ್ಟಿದ್ದಕ್ಕೆ ನೀಲಿ ಪಟ್ಟಿಯ ಜೇನು ಬಂದಿದೆ. ಅದೂ ಹೂವನ್ನು ನಡುಗಿಸುವ ಜಾತಿಯೇ, ಆ ಪ್ರಯೋಗ ಇನ್ನೂ ನಡೆಯುತ್ತಿದೆ.

ಬದನೆಯ ಲೆಕ್ಕ ಹೇಳುವುದಾದರೆ, ನಲವತ್ತು ಗಿಡಗಳಲ್ಲಿ ವಾರಕ್ಕೆ ಐದಾರು ಕಿಲೋ ಬರುತ್ತಿದ್ದುದು ಈಗ ಎಂಟರ ಆಸುಪಾಸಿಗೆ ಬಂದಿದೆ. ಔಷಧಿ ಹೊಡೆಯುವುದನ್ನು ಆ ವರ್ಷವೇ ನಿಲ್ಲಿಸಿದ್ದರಿಂದ ಎಲ್ಲವೂ ಹುಳದ ಪುಣ್ಯವೆಂದು ಹೇಳಲಾರೆ. ಇನ್ನು ದುಂಬಿಗೆಂದು ಇಟ್ಟ ದಪ್ಪ ನಳಿಗೆಗಳಲ್ಲಿ ತುಂಬಿದ್ದು ನಾಲ್ಕೇ. ಬದುವಿನಿಂದ ತಂದು ನೆಟ್ಟ ಒಣ ಕತ್ತಾಳೆ ಕಂಬವನ್ನು ಅವು ಮೂಸಿಯೂ ನೋಡದೆ, ನಮ್ಮ ಪಡಸಾಲೆಯ ತೊಲೆಯಲ್ಲಿ ಹೆಬ್ಬೆರಳು ಹಿಡಿಸುವಷ್ಟು ತೂತು ಕೊರೆದು ಸಂಸಾರ ಹೂಡಿವೆ. ದೊಡ್ಡಪ್ಪನವರು ದಿನಾಲೂ ಆ ತೊಲೆಯ ಕೆಳಗೇ ಕುರ್ಚಿ ಹಾಕಿಕೊಂಡು, ಮೇಲಿನಿಂದ ಉದುರುವ ಮರದ ಪುಡಿಯನ್ನು ಹೆಗಲಿನಿಂದ ಕೊಡವಿಕೊಳ್ಳುತ್ತ ನನ್ನ ಮುಖ ನೋಡುತ್ತಾರೆ.