ಬಾತ್‌ರೂಮ್ ಟೈಲ್ಸ್ ಹೊರಮೂಲೆಗೆ ಪಟ್ಟಿ

ಬಾತ್‌ರೂಮಿಗೆ ಟೈಲ್ಸ್ ಹಾಕಿಸುತ್ತಿದ್ದರೆ ಹೊರಮೂಲೆಗಳ ಬಗ್ಗೆ ಮೇಸ್ತ್ರಿ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಕಿಟಕಿ ಅಂಚು, ಶಾಂಪೂ ಇಡುವ ಗೂಡು, ಪೈಪ್ ಮುಚ್ಚಲು ಕಟ್ಟಿದ ಗೋಡೆ, ಇಲ್ಲೆಲ್ಲ ಟೈಲ್ಸಿನ ಒರಟು ಅಂಚು ಹೊರಗೆ ಕಾಣುತ್ತದೆ. ನಮ್ಮ ಮನೆಯಲ್ಲಿ ಎರಡೂ ಕಡೆಯ ಟೈಲ್ಸನ್ನು 45 ಡಿಗ್ರಿಗೆ ಉಜ್ಜಿ ಜೋಡಿಸಿದರು. ನೋಡೋಕೆ ಚೆಂದ ಇತ್ತು, ಆದರೆ ಸೆರಾಮಿಕ್ ಅಲ್ವಾ, ಸ್ಟೀಲ್ ಬಕೆಟ್ ಒಂದು ಸಲ ತಾಗಿದ್ದೇ ತಡ, ಚಕ್ಕೆ ಎದ್ದು ಒಳಗಿನ ಕೆಂಪು ಮಣ್ಣು ಕಾಣಿಸಿತು.

ಎರಡನೇ ಬಾತ್‌ರೂಮಿಗೆ ಮೂಲೆಯ ಅಂಚು ಮುಚ್ಚುವ ಅಲ್ಯೂಮಿನಿಯಂ ಪಟ್ಟಿ ತಂದೆವು. ಅಂಗಡಿಯಲ್ಲಿ ಟೈಲ್ ಟ್ರಿಮ್ ಅಂತ ಕೇಳಿ. ಹೋಗುವಾಗ ಟೈಲ್ಸಿನ ತುಂಡೊಂದನ್ನು ಜೇಬಲ್ಲಿ ಹಾಕಿಕೊಂಡು ಹೋಗಿ, ಪಟ್ಟಿಗೆ ಇಟ್ಟೇ ನೋಡಿ, 8 ಮಿ.ಮೀ. ಟೈಲ್ಸಿಗೆ 12ರ ಪಟ್ಟಿ ತಂದರೆ ಅಂಚು ಎದ್ದು ನಿಲ್ಲುತ್ತದೆ, ಒರೆಸುವಾಗಲೆಲ್ಲ ಕೈಗೆ ತಾಗುತ್ತದೆ. ಪಟ್ಟಿಯ ತೂತಿರುವ ಭಾಗ ಟೈಲ್ಸ್ ಹಿಂದೆ, ಅಂಟಿನೊಳಗೆ ಹೂತುಹೋಗಬೇಕು. ಹಾಗಾಗಿ ಮೊದಲು ಪಟ್ಟಿ, ಆಮೇಲೆ ಟೈಲ್ಸ್. ನಮ್ಮ ಮೇಸ್ತ್ರಿ ಇದಕ್ಕೆ ಸ್ವಲ್ಪ ಗೊಣಗಿದರು, ಬಿಡಿ. ಪಟ್ಟಿಗೂ ಟೈಲ್ಸಿಗೂ ನಡುವೆ 2 ಮಿ.ಮೀ. ಜಾಗ ಬಿಟ್ಟು ಎಪಾಕ್ಸಿ ಗ್ರೌಟ್ (ಟೈಲ್ಸ್ ಸಂದಿ ಮುಚ್ಚುವ ಗಟ್ಟಿ ಪೇಸ್ಟ್) ತುಂಬಿಸಿ. ಪಟ್ಟಿ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆಯನ್ನು ಗ್ರೌಟ್ ಒರೆಸಿ ಮುಗಿಯುವವರೆಗೂ ಕೀಳಬೇಡಿ.