ಅರ್ಜಿ ಕೊಟ್ಟರೆ ಸಾಲದು, ಸೀಲು ಹಾಕಿಸಿಕೊಂಡು ಬನ್ನಿ

ನಮ್ಮ ಅಂಗಡಿಯ ಬೋರ್ಡಿನಲ್ಲಿ ‘ಜೆರಾಕ್ಸ್, ಲ್ಯಾಮಿನೇಷನ್, ಕನ್ನಡ ಮತ್ತು ಇಂಗ್ಲಿಷ್ ಟೈಪಿಂಗ್’ ಅಂತಿದೆ. ಮದುವೆ ಬಯೋಡೇಟಾದಿಂದ ಹಿಡಿದು ಬಾಡಿಗೆ ಕರಾರಿನವರೆಗೆ ಎಲ್ಲಾ ಟೈಪ್ ಮಾಡುತ್ತೇನೆ. ಜಾಸ್ತಿ ಬರುವುದು ಮಾತ್ರ ಮನವಿ ಪತ್ರಗಳೇ. ಕಸ, ಮೋರಿ, ಕೆರೆ, ಮರ, ಬೀದಿ ದೀಪ. ಬೆಂಗಳೂರಿನ ಪಶ್ಚಿಮದ ಒಂದು ಬಡಾವಣೆಯಲ್ಲಿ 22 ವರ್ಷದಿಂದ ಇದೇ ಕೆಲಸ. ಯಾವ ಅರ್ಜಿಗೆ ಉತ್ತರ ಬರುತ್ತದೆ, ಯಾವುದು ಕಪಾಟಿನಲ್ಲಿ ಮಲಗುತ್ತದೆ ಅಂತ ಈಗ ಓದುವಾಗಲೇ ಗೊತ್ತಾಗಿಬಿಡುತ್ತದೆ.

ಇಷ್ಟು ಹೇಳುವ ನನ್ನದೇ ಮೊದಲ ಅರ್ಜಿ ಕಳೆದುಹೋಯಿತು. ಅಂಗಡಿ ಪಕ್ಕದ ಖಾಲಿ ಸೈಟಿನಲ್ಲಿ ದಿನಾ ಸಂಜೆ ಪ್ಲಾಸ್ಟಿಕ್ ಸುಡುತ್ತಿದ್ದರು. ಹೊಗೆ ತಡೆಯಲಾರದೆ ಎರಡು ಪುಟ ಬರೆದೆ. ಒಂದು ಕಚೇರಿಗೆ ಹೋಗಿ, ಬಾಗಿಲಲ್ಲಿ ಕೂತಿದ್ದವರ ಕೈಗೆ ಕೊಟ್ಟು ಬಂದೆ. ಒಂದೂವರೆ ತಿಂಗಳು ಬಿಟ್ಟು ಹೋಗಿ ಕೇಳಿದರೆ, “ಯಾವ ಅರ್ಜಿ ಮೇಡಂ? ನಮಗೆ ಬಂದೇ ಇಲ್ಲವಲ್ಲ” ಅಂದರು. ನನ್ನ ಹತ್ತಿರ ಏನು ಸಾಕ್ಷಿ ಇತ್ತು? ಊರಿಗೆಲ್ಲಾ ಜೆರಾಕ್ಸ್ ಮಾಡಿಕೊಡುವವಳು ನನ್ನದೇ ಅರ್ಜಿಯ ಒಂದು ಪ್ರತಿ ಇಟ್ಟುಕೊಂಡಿರಲಿಲ್ಲ!

ಹಾಗಾಗಿ ಕೊನೆಯಲ್ಲಿ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ಪ್ರತಿ ತೆಗೆದುಕೊಂಡು ಹೋಗಿ. ಸಾಹೇಬರ ಕೋಣೆಗಿಂತ ಮೊದಲು ಟಪಾಲು ವಿಭಾಗ ಎಲ್ಲಿದೆ ಅಂತ ಹುಡುಕಿ. ಒಂದು ಪ್ರತಿ ಅವರಿಗೆ. ಇನ್ನೊಂದರ ಮೇಲೆ ಕಚೇರಿಯ ಸೀಲು, ತಾರೀಕು, ಸಹಿ, ಇನ್‌ವರ್ಡ್ ನಂಬರ್ (ಬಂದ ಕಾಗದಕ್ಕೆ ಕಚೇರಿಯವರು ಕೊಡುವ ಸಂಖ್ಯೆ) ಹಾಕಿಸಿಕೊಂಡು ಬನ್ನಿ. “ಆಮೇಲೆ ಬನ್ನಿ, ಸೀಲು ಹಾಕುವವರು ಊಟಕ್ಕೆ ಹೋಗಿದ್ದಾರೆ” ಅಂದರೆ ಕಾಯಿರಿ. ಊಟ ಮುಗಿಸಿ ಬರುತ್ತಾರೆ. ತೆಗೆದುಕೊಳ್ಳುವುದೇ ಇಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀತಿಯನ್ನೂ ಡೆಲಿವರಿ ವಿವರವನ್ನೂ ಇಟ್ಟುಕೊಳ್ಳಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ಇನ್ನೂ ಸುಮಾರು ಜನ ಬಂದು ಅದನ್ನೇ ಕೇಳುತ್ತಾರೆ.

ಇನ್ನು ಬರೆಯುವ ವಿಷಯ. ಹಿಂದಿನ ಬೀದಿಯ ರಿಟೈರ್ಡ್ ಮೇಷ್ಟ್ರು ಒಂದು ದಿನ ನಾಲ್ಕು ಪುಟದ ಕೈಬರಹ ತಂದರು. ‘ಮಾನ್ಯ ಮುಖ್ಯಮಂತ್ರಿಗಳಿಗೆ’ ಅಂತ ಶುರು. ಮೊದಲ ಪುಟದ ತುಂಬಾ ಕೆಂಪೇಗೌಡರು ಕಟ್ಟಿಸಿದ ಕೆರೆಗಳು. ಎರಡನೇ ಪುಟದಲ್ಲಿ ಈಗಿನ ರಾಜಕಾರಣ. ಮೂರರಲ್ಲಿ ಬೀದಿ ನಾಯಿ, ಬೀದಿ ದೀಪ, ಫುಟ್‌ಪಾತಿನ ಮೇಲಿನ ಬೈಕುಗಳು. ನಾಲ್ಕನೇ ಪುಟದ ಕೊನೆಯಲ್ಲಿ ರಾಜಕಾಲುವೆಯ ವಾಸನೆ. ಬರವಣಿಗೆ ಮುತ್ತಿನಂತಿತ್ತು. ಆದರೆ ಅದನ್ನು ಓದಿದ ಗುಮಾಸ್ತರು ಯಾವ ಶಾಖೆಗೆ ಕಳಿಸಬೇಕು?

ನಾನು ಕೇಳಿದೆ, “ಮೇಷ್ಟ್ರೇ, ನಾಳೆ ಬೆಳಿಗ್ಗೆ ಯಾರು ಬಂದು ಏನು ಮಾಡಿದರೆ ನಿಮಗೆ ಸಮಾಧಾನ?”

ಸ್ವಲ್ಪ ಹೊತ್ತು ಯೋಚನೆ ಮಾಡಿದರು. “ಆ ಹೊಸ ಪೀಜಿ ಕಟ್ಟಡದಿಂದ ಕಾಲುವೆಗೆ ಕಕ್ಕಸಿನ ಪೈಪ್ ಬಿಟ್ಟಿದ್ದಾರಲ್ಲ, ಅದನ್ನು ಮುಚ್ಚಿಸಿದರೆ ಸಾಕು ಕಣಮ್ಮ.”

ಅರ್ಜಿ ಅಂದರೆ ಅಷ್ಟೇ. ಉಳಿದ ಮೂರೂಮುಕ್ಕಾಲು ಪುಟ ಅವರ ಬೇಜಾರು. ಬೇಜಾರು ನಿಜವಾದದ್ದೇ, ಆದರೆ ಅದಕ್ಕೆ ಇನ್‌ವರ್ಡ್ ನಂಬರ್ ಸಿಗುವುದಿಲ್ಲ. ಒಂದು ಅರ್ಜಿಗೆ ಒಂದೇ ಕೆಲಸ ಕೇಳಿ. ಐದು ತೊಂದರೆ ಇದ್ದರೆ ಐದು ಅರ್ಜಿ ಬರೆಯಿರಿ. ನನ್ನ ವ್ಯಾಪಾರಕ್ಕೆ ಹೇಳುತ್ತಿದ್ದೀನಿ ಅಂದುಕೊಳ್ಳಬೇಡಿ. ಐದನ್ನೂ ಒಂದರಲ್ಲೇ ತುರುಕಿದರೆ ಅದರಲ್ಲಿ ಅತಿ ಸುಲಭದ್ದನ್ನು ಮಾಡಿ, ‘ಕ್ರಮ ಕೈಗೊಳ್ಳಲಾಗಿದೆ’ ಅಂತ ಬರೆದು ಮುಗಿಸುತ್ತಾರೆ. ಬೀದಿ ದೀಪಕ್ಕೆ ಬಲ್ಬು ಬರುತ್ತದೆ, ಕಾಲುವೆ ಹಾಗೇ ನಾರುತ್ತಿರುತ್ತದೆ.

ಯಾರಿಗೆ ಬರೆಯಬೇಕು ಅನ್ನುವುದರಲ್ಲೇ ಅರ್ಧ ಜನ ಎಡವುತ್ತಾರೆ. ಮೊದಲಾದರೆ ಬೆಳಿಗ್ಗೆ ಕಾರ್ಪೊರೇಟರ್ ಮನೆ ಮುಂದೆ ನಿಂತರೆ ಆಗುತ್ತಿತ್ತು. 2020ರ ಸೆಪ್ಟೆಂಬರ್‌ಗೆ ಅವರ ಅವಧಿ ಮುಗಿಯಿತು. ಅಲ್ಲಿಂದ ಐದು ವರ್ಷಕ್ಕೂ ಜಾಸ್ತಿ ವಾರ್ಡುಗಳಿಗೆ ಕಾರ್ಪೊರೇಟರೇ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ನಗರ ಪಾಲಿಕೆಗಳಾದವು, ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಈಗಲೂ ‘ಆಯುಕ್ತರು, ಬಿಬಿಎಂಪಿ’ ಅಂತ ಟೈಪ್ ಮಾಡಿಸುವವರಿದ್ದಾರೆ. ನಿಮ್ಮ ಬೀದಿ ಯಾವ ಪಾಲಿಕೆಗೆ ಬರುತ್ತದೆ ಅಂತ ಮೊದಲು ತಿಳಿದುಕೊಳ್ಳಿ.

ಕೊಳಚೆ ನೀರಿನ ಪೈಪ್, ಮ್ಯಾನ್‌ಹೋಲ್ ಜಲಮಂಡಳಿಯದ್ದು. ರಾಜಕಾಲುವೆಯ ಹೂಳು, ತಡೆಗೋಡೆ ಪಾಲಿಕೆಯ ಕಡೆಗೆ. ಮರ ಕಡಿಯುವುದಕ್ಕೆ ಅನುಮತಿ ಕೊಡುವವರು ವೃಕ್ಷಾಧಿಕಾರಿ. ಕಾರ್ಖಾನೆ ಹೊಗೆ, ಕೆರೆಗೆ ಬಿಡುವ ರಾಸಾಯನಿಕ ಅಂದರೆ ಚರ್ಚ್ ಸ್ಟ್ರೀಟಿನ ಪರಿಸರ ಭವನದಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿ. ಕೆರೆ ಜಾಗದ ಒತ್ತುವರಿ ಅಂದರೆ ತಹಶೀಲ್ದಾರರು. ಒತ್ತುವರಿ ಅಂತ ಬರೆಯುವ ಮೊದಲು ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು, ಆ ಜಾಗದಲ್ಲಿ ನಿಂತು ಸರ್ವೆ ನಂಬರ್ ನೋಡಿಕೊಳ್ಳಿ. ‘ಕೆರೆ ಪಕ್ಕದ ಜಾಗ’ ಅಂದರೆ ಯಾರೂ ಕದಲುವುದಿಲ್ಲ. ಸರ್ವೆ ನಂಬರ್ ಹಾಕಿದರೆ ಕಡತ ತೆಗೆಯಲೇಬೇಕು.

ಮೇಷ್ಟ್ರ ವಿಷಯದಲ್ಲಿ ಇದೇ ಕಾಟವಾಯಿತು. ಪೈಪ್ ನಮ್ಮದಲ್ಲ, ಕಾಲುವೆಯವರನ್ನು ಕೇಳಿ ಅಂತ ಒಂದು ಕಚೇರಿ. ಕಾಲುವೆ ನಮ್ಮದು, ಪೈಪ್ ಅವರದು ಅಂತ ಇನ್ನೊಂದು. ಇಂಥ ಕಡೆ ಇಬ್ಬರಿಗೂ ಬೇರೆ ಬೇರೆ ಅರ್ಜಿ ಬರೆದು, ಒಂದರ ಪ್ರತಿಯನ್ನು ಇನ್ನೊಂದಕ್ಕೆ ಲಗತ್ತಿಸಿ. ಇಬ್ಬರಿಗೂ ಒಂದೇ ಮಾತು ಬರೆಯಿರಿ: ‘ಇದು ತಮ್ಮ ವ್ಯಾಪ್ತಿಗೆ ಬಾರದಿದ್ದಲ್ಲಿ ಹಾಗೆಂದು ಲಿಖಿತ ಹಿಂಬರಹ ನೀಡಬೇಕಾಗಿ ಕೋರುತ್ತೇವೆ.’ ಹಿಂಬರಹ ಅಂದರೆ ಅರ್ಜಿಗೆ ಕಚೇರಿಯವರು ಸಹಿ ಹಾಕಿ ಬರೆದು ಕೊಡುವ ಉತ್ತರ. ಈ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಬಾಯಲ್ಲಿ ‘ನಮ್ಮದಲ್ಲ’ ಅನ್ನುವುದು ಸುಲಭ. ಸಹಿ ಹಾಕಿ ಅನ್ನುವಾಗ ಯಾರಿಗೇ ಆಗಲಿ ಕೈ ತಡೆಯುತ್ತದೆ.

ಕೊನೆಗೆ ನಾವು ಟೈಪ್ ಮಾಡಿದ್ದು ಇಷ್ಟೇ. ‘ಮಾನ್ಯರೇ’ ಆದ ಮೇಲೆ:

‘ವಿಷಯ: 4ನೇ ಅಡ್ಡರಸ್ತೆಯ ಹಿಂಭಾಗದ ರಾಜಕಾಲುವೆಗೆ ಅನಧಿಕೃತವಾಗಿ ಕೊಳಚೆ ನೀರು ಬಿಡುತ್ತಿರುವ ಪೈಪ್ ಮುಚ್ಚಿಸುವ ಬಗ್ಗೆ.

ಮೇಲ್ಕಂಡ ಸ್ಥಳದಲ್ಲಿ, ವಿದ್ಯುತ್ ಕಂಬದಿಂದ (ಕಂಬದ ಸಂಖ್ಯೆ ಲಗತ್ತಿಸಿದ ಫೋಟೊದಲ್ಲಿದೆ) ಸುಮಾರು 10 ಹೆಜ್ಜೆ ದೂರದಲ್ಲಿ, 6 ಇಂಚಿನ ಪೈಪಿನಿಂದ ಪ್ರತಿದಿನ ಬೆಳಿಗ್ಗೆ 6ರಿಂದ 9ರವರೆಗೆ ಕೊಳಚೆ ನೀರು ಕಾಲುವೆಗೆ ಹರಿಯುತ್ತಿದೆ. ಮೂರು ದಿನ ತೆಗೆದ ಫೋಟೊಗಳನ್ನು ಲಗತ್ತಿಸಿದ್ದೇವೆ. ತಾವು ಸ್ಥಳ ಪರಿಶೀಲನೆ ನಡೆಸಿ ಸದರಿ ಪೈಪನ್ನು ಮುಚ್ಚಿಸಿ, ಕೈಗೊಂಡ ಕ್ರಮದ ಬಗ್ಗೆ 15 ದಿನಗಳೊಳಗೆ ಹಿಂಬರಹ ನೀಡಬೇಕಾಗಿ ವಿನಂತಿ.’

ಕಂಬದ ನಂಬರ್ ನನ್ನ ಐಡಿಯಾ ಅಲ್ಲ, ಒಬ್ಬ ಲೈನ್‌ಮ್ಯಾನ್ ಹೇಳಿಕೊಟ್ಟದ್ದು. ‘ಗಣಪತಿ ದೇವಸ್ಥಾನದ ಹತ್ತಿರ’ ಅಂದರೆ ಬೆಂಗಳೂರಿನಲ್ಲಿ ಎಷ್ಟು ಗಣಪತಿ ದೇವಸ್ಥಾನ ಇವೆ? ಕಂಬದ ನಂಬರ್ ಕೊಟ್ಟರೆ, ಹೊಸದಾಗಿ ವರ್ಗವಾಗಿ ಬಂದ ಎಂಜಿನಿಯರ್ ಕೂಡ ನೇರ ಅಲ್ಲಿಗೇ ಬಂದು ನಿಲ್ಲುತ್ತಾರೆ. ಬೆಳಿಗ್ಗೆ 6ರಿಂದ 9 ಅಂತ ಹಾಕಿದ್ದಕ್ಕೂ ಕಾರಣವಿದೆ. ಮಧ್ಯಾಹ್ನ ಬಂದು ನೋಡಿ ‘ಯಾವುದೇ ನೀರು ಹರಿಯುತ್ತಿಲ್ಲ’ ಅಂತ ವರದಿ ಬರೆದು ಹೋಗುವುದಿದೆಯಲ್ಲ, ಅದಕ್ಕೆ. ಫೋಟೊದಲ್ಲಿ ತಾರೀಕು, ಸಮಯ, ಜಾಗ ಮೂಡುವ ಆ್ಯಪ್‌ಗಳು ಬಂದಿವೆ, ಬಳಸಿ.

ಇಂಥವರು ದುಡ್ಡು ತಿಂದಿದ್ದಾರೆ ಅಂತ ಮಾತ್ರ ಬರೆಯಬೇಡಿ. ನಿಮಗೆ ಖಾತ್ರಿ ಇದ್ದರೂ ಬೇಡ. ಓದುವವರು ಕಾಲುವೆ ಮರೆತು ತಮ್ಮ ಮೈಮೇಲೆ ಬಂದದ್ದನ್ನು ನೋಡಿಕೊಳ್ಳುವುದರಲ್ಲಿ ಮುಳುಗುತ್ತಾರೆ.

ಸಹಿ ಹಾಳೆಯಲ್ಲಿ ಎಲ್ಲರೂ ಮಾಡುವ ಒಂದು ತಪ್ಪಿದೆ. ಬಿಳಿ ಹಾಳೆಗೆ ಗೆರೆ ಎಳೆದು ಸಹಿ ಹಾಕಿಸಿಕೊಂಡು ಬಂದು ಆಮೇಲೆ ಅರ್ಜಿಗೆ ಪಿನ್ ಮಾಡುತ್ತಾರೆ. ಅದಕ್ಕೆ ಬೆಲೆಯೇ ಇಲ್ಲ. ಯಾವುದಕ್ಕೆ ಸಹಿ ಹಾಕಿದರು ಅಂತ ಯಾರು ಹೇಳಬೇಕು? ಪ್ರತಿ ಹಾಳೆಯ ತಲೆಯಲ್ಲೂ ವಿಷಯದ ಸಾಲು ಪ್ರಿಂಟ್ ಆಗಿರಬೇಕು. ಹೆಸರು, ಮನೆ ನಂಬರ್, ಫೋನ್, ಸಹಿ, ನಾಲ್ಕು ಕಾಲಂ ಸಾಕು. ಒಬ್ಬರೇ ಮನೆಯವರೆಲ್ಲರ ಸಹಿ ಹಾಕಲು ಬಿಡಬೇಡಿ. ನಮ್ಮ ಮೇಷ್ಟ್ರು 38 ಸಹಿ ತಂದರು, ಎಲ್ಲಾ ಅದೇ ಕಾಲುವೆ ಪಕ್ಕದ ಮನೆಗಳದ್ದು. ಆನ್‌ಲೈನ್‌ನಲ್ಲಿ ಸಾವಿರಾರು ಜನ ಒತ್ತಿದ ಬಟನ್‌ಗಿಂತ, ಎಂಜಿನಿಯರ್ ಬಂದಾಗ ಬಾಗಿಲು ತೆರೆದು ಆಚೆ ಬರುವ ಆ 38 ಮನೆಗೇ ತೂಕ ಜಾಸ್ತಿ ಅಂತ ನನ್ನ ಲೆಕ್ಕ.

ಆದರೆ ಇಡೀ ಊರಿನ ವಿಷಯಕ್ಕೆ ಆ ಲೆಕ್ಕ ಬೇರೆ. 2016ರಲ್ಲಿ ಚಾಲುಕ್ಯ ಸರ್ಕಲ್‌ನಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಸ್ಟೀಲ್ ಫ್ಲೈಓವರ್ ಅಂದರಲ್ಲ, 812 ಮರ ಹೋಗುವುದಿತ್ತು. ಅಕ್ಟೋಬರ್ 16ರಂದು ಜನ ರಸ್ತೆ ಪಕ್ಕ ಕೈ ಹಿಡಿದು ಸಾಲಾಗಿ ನಿಂತರು. ಅದೇ ಹೊತ್ತಿಗೆ ಹಸಿರು ನ್ಯಾಯಮಂಡಳಿಯಲ್ಲಿ ಕೇಸೂ ನಡೆಯುತ್ತಿತ್ತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಬೀದಿಯಲ್ಲಿ ಜನ, ಕೋರ್ಟಿನಲ್ಲಿ ಕಾಗದ, ಎರಡೂ ಇತ್ತು. ಈಗ ನಗರದೊಳಗೆ ಧರಣಿ ಕೂರುವುದಾದರೆ ಹಳೇ ಸೆಂಟ್ರಲ್ ಜೈಲಿನ ಜಾಗದ ಫ್ರೀಡಂ ಪಾರ್ಕ್ ಒಂದೇ, ಅದಕ್ಕೂ ಪೊಲೀಸರ ಅನುಮತಿ ಬೇಕು. ಹಸಿರು ನ್ಯಾಯಮಂಡಳಿಗೆ ಹೋಗುವ ಯೋಚನೆ ಇದ್ದರೆ ಸಾಮಾನ್ಯವಾಗಿ 6 ತಿಂಗಳ ಗಡುವು ಇರುತ್ತದೆ, ವಕೀಲರನ್ನು ಬೇಗ ನೋಡಿ. ಅವರು ಮೊದಲು ಕೇಳುವುದೇ ಸೀಲು ಬಿದ್ದ ಪ್ರತಿಗಳನ್ನು.

ಮರದ ವಿಷಯದಲ್ಲಿ ಅಂತೂ ತಡ ಮಾಡಲೇಬಾರದು. ಬೆಳಿಗ್ಗೆ ಗರಗಸ ಬಂದರೆ ಸಂಜೆಗೆ ಸೌದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ 50ಕ್ಕಿಂತ ಜಾಸ್ತಿ ಮರ ಕಡಿಯುವುದಿದ್ದರೆ ಸಾರ್ವಜನಿಕ ನೋಟಿಸ್ ಕೊಟ್ಟು ಆಕ್ಷೇಪಣೆ ಕೇಳಬೇಕು. ನೋಟಿಸಿನಲ್ಲಿರುವ ಗಡುವು ತುಂಬಾ ಸಣ್ಣದು. ‘ಮರ ಕಡಿಯಬೇಡಿ, ಅವು ನಮ್ಮ ಉಸಿರು’ ಅಂತ ಬರೆದರೆ ಸುಮ್ನೆ ಫೈಲಿಗೆ ಸೇರುತ್ತದೆ. ಕಾಂಡದ ಮೇಲೆ ಬಣ್ಣದಲ್ಲಿ ನಂಬರ್ ಬರೆದಿರುತ್ತಾರಲ್ಲ, ಅದನ್ನು ಹಿಡಿದು ಬರೆಯಿರಿ. ಈ ನಂಬರಿನ ಹೊಂಗೆ ರಸ್ತೆ ಅಳತೆಯಿಂದ ಆಚೆ ಇದೆ, ಈ ನಂಬರಿನ ಅತ್ತಿಮರವನ್ನು ಬೇರೆ ಕಡೆ ಸ್ಥಳಾಂತರ ಮಾಡಬಹುದು, ಹೀಗೆ.

ಕೊಟ್ಟಾಯಿತು, ಸೀಲೂ ಬಿತ್ತು, ಉತ್ತರ ಇಲ್ಲ. 15 ದಿನಕ್ಕೆ ಒಂದು ನೆನಪೋಲೆ. ಹೊಸದಾಗಿ ಕಥೆ ಹೇಳಬೇಡಿ. ‘ಉಲ್ಲೇಖ’ದಲ್ಲಿ ಹಳೇ ಇನ್‌ವರ್ಡ್ ನಂಬರ್, ತಾರೀಕು ಹಾಕಿ ಎರಡು ಸಾಲು ಬರೆಯಿರಿ. ಜೊತೆಗೆ ಸರ್ಕಾರದ 1902 ಸಹಾಯವಾಣಿಗೂ ದೂರು ಕೊಟ್ಟು ಅದರ ನಂಬರ್ ಇಟ್ಟುಕೊಳ್ಳಿ. ಜಲಮಂಡಳಿಯದ್ದು 1916. ಫೋನ್ ದೂರು ಬೇಗ ಮುಚ್ಚಿಹೋಗುತ್ತದೆ, ನಿಜ. ‘ಪರಿಹರಿಸಲಾಗಿದೆ’ ಅಂತ ಮೆಸೇಜ್ ಬಂದರೆ ಅದರ ಸ್ಕ್ರೀನ್‌ಶಾಟ್ ತೆಗೆದು, ಅದೇ ದಿನ ಜಾಗದ ಫೋಟೊ ತೆಗೆದು, ಎರಡನ್ನೂ ಮುಂದಿನ ನೆನಪೋಲೆಗೆ ಲಗತ್ತಿಸಿ.

ಅದಕ್ಕೂ ಬಗ್ಗದಿದ್ದರೆ 2005ರ ಮಾಹಿತಿ ಹಕ್ಕು. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಮೇಷ್ಟ್ರು ಇಲ್ಲೂ ‘ಏಕೆ ಕ್ರಮ ಕೈಗೊಂಡಿಲ್ಲ?’ ಅಂತ ಬರೆದಿದ್ದರು. ಏಕೆ ಅನ್ನುವುದಕ್ಕೆ ಅವರು ಉತ್ತರ ಕೊಡಬೇಕಾಗಿಲ್ಲ. ಕಾಗದ ಕೇಳಿದರೆ ಕೊಡಬೇಕು. ಹಾಗಾಗಿ ತಿದ್ದಿದೆವು: ‘ಸದರಿ ಅರ್ಜಿಯ ಮೇಲೆ ಇದುವರೆಗೆ ಬರೆದಿರುವ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ನೀಡಿ.’ ಟಿಪ್ಪಣಿ ಹಾಳೆಯಲ್ಲಿ ಕಡತ ಯಾವ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತು ಅಂತ ಗೊತ್ತಾಗುತ್ತದೆ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೊದಲ ಮೇಲ್ಮನವಿ, ಅದಕ್ಕೂ 30 ದಿನದ ಗಡುವು.

ಮೇಷ್ಟ್ರಿಗೆ ಮೇಲ್ಮನವಿ ಬೇಕಾಗಲಿಲ್ಲ. ಮಾಹಿತಿ ಹಕ್ಕಿನ ಅರ್ಜಿ ಹೋಗಿ ಮೂರನೇ ವಾರಕ್ಕೆ, ಬೆಳಿಗ್ಗೆ 7 ಗಂಟೆಗೆ ಸ್ಥಳ ಪರಿಶೀಲನೆಗೆ ಬರುತ್ತೇವೆ ಅಂತ ಫೋನ್ ಬಂತು. ಇಂಥ ಹೊತ್ತಲ್ಲಿ ಒಬ್ಬರೇ ಹೋಗಬೇಡಿ, ಗುಂಪು ಕಟ್ಟಿಕೊಂಡು ಕೂಗಾಡಲೂ ಬೇಡಿ. ನಾಲ್ಕೈದು ಜನ ಸಾಕು, ಮಾತಾಡುವುದು ಒಬ್ಬರೇ. ನೋಡಿದ್ದನ್ನು ಮಹಜರು ಬರೆಯುತ್ತಾರೆ. ಓದದೆ ಸಹಿ ಹಾಕಬೇಡಿ, ಹಾಕಿದ ಮೇಲೆ ಅದರ ಫೋಟೊ ತೆಗೆದುಕೊಳ್ಳಿ. ಬಂದ ಎಂಜಿನಿಯರ್ ಒಳ್ಳೆಯ ಹುಡುಗಿ. ಪೈಪ್ ನೋಡಿ ಮೂಗು ಮುಚ್ಚಿಕೊಂಡು, “ಕಂಬದ ನಂಬರ್ ಹಾಕಿದ್ದು ಒಳ್ಳೇದಾಯ್ತು ಸಾರ್, ಇಲ್ಲದಿದ್ದರೆ ಆ ಕಡೆ ಸೇತುವೆ ಹತ್ತಿರ ಹುಡುಕುತ್ತಿದ್ದೆ” ಅಂದರಂತೆ.

ಮೊದಲ ಅರ್ಜಿಯಿಂದ ಪೈಪಿನ ಬಾಯಿಗೆ ಸಿಮೆಂಟ್ ಬೀಳುವವರೆಗೆ ಏಳು ತಿಂಗಳಾಯಿತು. ಆಮೇಲೆ ಒಂದು ಧನ್ಯವಾದ ಪತ್ರವನ್ನೂ ಕಳಿಸಿದೆವು, ಅದೇ ಕಡತದ ನಂಬರ್ ಹಾಕಿ.

ಹೋದ ವಾರ ಮೇಷ್ಟ್ರು ಮತ್ತೆ ಬಂದರು. ಅದೇ ಕಾಲುವೆಯಲ್ಲಿ, ಸೇತುವೆಯ ಆ ಕಡೆ, ಇನ್ನೊಂದು ಪೈಪ್. ಈ ಸಲ ಒಂದೇ ಪುಟ. ಕಂಬದ ನಂಬರ್ ಬರೆದಿದ್ದರು, ನೀರು ಬಿಡುವ ಹೊತ್ತು ಬರೆದಿದ್ದರು, ಉಲ್ಲೇಖದಲ್ಲಿ ಹಳೇ ಹಿಂಬರಹದ ನಂಬರೂ ಇತ್ತು. ಕೆಂಪೇಗೌಡರು ಎಲ್ಲಿ ಹೋದರು ಮೇಷ್ಟ್ರೇ ಅಂದೆ. ನಕ್ಕು, ಎರಡು ಪ್ರತಿ ತೆಗಿ ಅಂದರು.