ಹತ್ತು ಬೆಳಗಿನ ಲೆಕ್ಕ

2024ರಲ್ಲಿ ಗೌರಿ ಹಬ್ಬದ ಹಿಂದಿನ ದಿನ ನಿಂತ ನನ್ನ ನಡಿಗೆ ಮತ್ತೆ ಶುರುವಾದದ್ದು ಸಂಕ್ರಾಂತಿ ಕಳೆದ ಮೇಲೆ. ಎರಡು ದಿನ ಬಿಡೋಣವೆಂದು ಬಿಟ್ಟದ್ದು ನಾಲ್ಕು ತಿಂಗಳಾಗಿತ್ತು. ಫೆಬ್ರುವರಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ HbA1c ಶೇ. 6.3 ಬಂತು, ಶೇ. 6.5 ಮುಟ್ಟಿದರೆ ಮಧುಮೇಹ. ವೈದ್ಯರು ಒಂದು ಮಾತೂ ಬೈಯಲಿಲ್ಲ. ಆದರೂ ಆ ಚೀಟಿ ಹಿಡಿದು ಮನೆಗೆ ಬರುವಾಗ ದಾರಿಯಲ್ಲೇ ಕಣ್ಣು ತುಂಬಿತು. ಕಾಲಿನ ಗಾಯ ಮಾಯದೆ ನನ್ನ ತಾಯಿ ಪಟ್ಟ ಪಾಡನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಎಲ್ಲರೂ ಹೋಳಿಗೆಯನ್ನು ದೂರುತ್ತಾರೆ. ನಾನು ಕಳೆದುಕೊಂಡದ್ದು ಬೆಳಗಿನ ಹೊತ್ತನ್ನು. ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯಿಂದ ಕುಂದುವಾಡ ಕೆರೆಗೆ ಹೋಗಿ, ಏರಿಯ ಮೇಲೆ ಗಾಜಿನ ಮನೆ ಕಾಣುವವರೆಗೆ ನಡೆದು ಬರಲು ನನಗೆ ಒಂದು ಗಂಟೆ ಬೇಕು. ಹಬ್ಬದ ದಿನ ಅದೇ ಗಂಟೆಯಲ್ಲಿ ಹೊಸಿಲು ತೊಳೆಯಬೇಕು, ರಂಗೋಲಿ ಹಾಕಬೇಕು, ಕಡಲೆಬೇಳೆ ಬೇಯಬೇಕು. ಒಂದು ಗಂಟೆಗಿಂತ ಕಡಿಮೆ ನಡೆದರೆ ಅದು ನಡಿಗೆಯೇ ಅಲ್ಲ ಎಂಬ ಹಟವೂ ನನಗಿತ್ತು. ಹಾಗಾಗಿ ಇಪ್ಪತ್ತು ನಿಮಿಷ ಸಿಕ್ಕ ದಿನವೂ ಹೊರಡಲಿಲ್ಲ.

ಆ ಹಟ ಬಿಡಿಸಿದ್ದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ. ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ ಮಾಡಿ ಎಂದು ಅದು ಹೇಳುತ್ತದೆ. ಒಮ್ಮೆಗೆ ಕನಿಷ್ಠ ಹತ್ತು ನಿಮಿಷವಾದರೂ ಇರಬೇಕು ಎಂಬ ಹಳೆಯ ಷರತ್ತನ್ನು ಅದರಲ್ಲಿ ಕೈಬಿಟ್ಟಿದ್ದಾರೆ. ಬಿಡಿ ಬಿಡಿ ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ ಎಂದು ಓದಿದಾಗ ಎದೆಯ ಭಾರ ಇಳಿದಂತಾಯಿತು.

2025ರ ಆಗಸ್ಟ್‌ನಲ್ಲಿ, ಹಬ್ಬಗಳು ಕಾಲಿಡುವ ಮೊದಲೇ, ಗೋಡೆಯ ಕ್ಯಾಲೆಂಡರನ್ನು ಕೆಳಗಿಳಿಸಿ ಮುಂದೆ ಹಾಸಿಕೊಂಡೆ. ಆಗಸ್ಟ್ 26ರ ಗೌರಿಯಿಂದ ಅಕ್ಟೋಬರ್ 22ರ ಬಲಿಪಾಡ್ಯಮಿಯವರೆಗೆ 58 ದಿನ. ಬೆಳಗ್ಗೆ ಹೊರಗೆ ಕಾಲಿಡಲು ಆಗದ ದಿನಗಳನ್ನು ಮಾತ್ರ ಕೆಂಪು ಪೆನ್ನಿನಲ್ಲಿ ಗುರುತಿಸಿದೆ. ಗೌರಿ, ಗಣೇಶ, ಮಹಾಲಯ ಅಮಾವಾಸ್ಯೆ, ಆಯುಧಪೂಜೆ, ವಿಜಯದಶಮಿ, ಸೀಗೆ ಹುಣ್ಣಿಮೆಗೆ ತವರಿನಲ್ಲಿ ಎರಡು ದಿನ, ದೀಪಾವಳಿಗೆ ಮೂರು ದಿನ. ಒಟ್ಟು ಹತ್ತು! ಎರಡೆರಡು ಸಲ ಎಣಿಸಿದೆ. ಹಿಂದಿನ ವರ್ಷ ಈ ಹತ್ತರ ಹೆಸರಿನಲ್ಲಿ ಉಳಿದ ನಲವತ್ತೆಂಟನ್ನೂ ನಾನು ಕೈಯಾರೆ ಚೆಲ್ಲಿದ್ದೆ.

ಈ ಸಲದ ನಲವತ್ತೆಂಟು ದಿನಗಳ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ರಾತ್ರಿಯೇ ಬಾಗಿಲ ಬಳಿ ಶೂ ಇಟ್ಟುಕೊಳ್ಳುತ್ತಿದ್ದೆ, ಐದೂಮುಕ್ಕಾಲಿಗೆ ಪಕ್ಕದ ಮನೆಯ ಅಕ್ಕ ಗೇಟಿನ ಬಳಿ ನಿಲ್ಲುತ್ತಿದ್ದರು. ಮಳೆ ಬಂದರೆ ಕೊಡೆ.

ಕಷ್ಟವಿದ್ದದ್ದು ಕೆಂಪು ಗುರುತಿನ ದಿನಗಳಲ್ಲಿ. ಅವಕ್ಕೆ ಊಟದ ನಂತರದ ಹೊತ್ತನ್ನು ಹಿಡಿದುಕೊಂಡೆ. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಂಡು ಬಳಸುತ್ತವೆ. ಆದ್ದರಿಂದ ಹೋಳಿಗೆ ಉಂಡು ಎದ್ದ ಕೂಡಲೇ ಹದಿನೈದು ನಿಮಿಷ ನಡೆಯುವುದು ನನ್ನಂಥವರಿಗೆ ಬಹಳ ಒಳ್ಳೆಯದು. ಹೋಳಿಗೆಯನ್ನು ನಾನು ಬಿಡಲಿಲ್ಲ, ಎರಡಕ್ಕೆ ನಿಲ್ಲಿಸಿದೆ. ತಿಂದದ್ದಕ್ಕೆ ದಂಡ ಕಟ್ಟುವಂತೆ ನಡೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವರಿಗೆ ಊಟವೂ ರುಚಿಸುವುದಿಲ್ಲ, ನಡಿಗೆಯೂ ಹಿಡಿಸುವುದಿಲ್ಲ.

ಗಣೇಶನ ಹಬ್ಬದ ಮಧ್ಯಾಹ್ನ ಶೂ ಹಾಕಿಕೊಳ್ಳುವಾಗ ಅತ್ತೆ ಕೇಳಿದರು: "ನೆಂಟರು ಮನೆಯಲ್ಲಿರುವಾಗ ನೀನು ಬೀದಿ ಸುತ್ತಿದರೆ ಏನು ಚೆನ್ನಾಗಿರುತ್ತದೆ?" ನಾನು ನನ್ನ ತಾಯಿಯ ಕಾಲಿನ ವಿಷಯ ತೆಗೆದೆ. "ಹದಿನೈದೇ ನಿಮಿಷ, ಅತ್ತೆ. ನೀವೂ ಬನ್ನಿ." ಅವರು ಬರಲಿಲ್ಲ, ಆದರೆ ಆಮೇಲೆ ತಡೆಯಲೂ ಇಲ್ಲ. ಯಜಮಾನರಿಗೂ ನೇರವಾಗಿಯೇ ಹೇಳಿದೆ: ಬೇಳೆ ಬೇಯಿಸಿ ಹೂರಣ ರುಬ್ಬುವುದು ಇನ್ನು ನಿಮ್ಮ ಪಾಲಿನ ಕೆಲಸ. ಈ ಮಾತನ್ನು ಹತ್ತು ವರ್ಷ ಮೊದಲೇ ಆಡಬೇಕಿತ್ತು. ನಮ್ಮಂಥ ಮನೆಗಳಲ್ಲಿ ಹೆಂಗಸರ ವ್ಯಾಯಾಮ ನಿಲ್ಲುವುದು ಸೋಮಾರಿತನದಿಂದ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ವಿಜಯದಶಮಿಯ ಸಂಜೆ ಬನ್ನಿ ಕೊಡಲು ಪ್ರತಿವರ್ಷ ಸ್ಕೂಟರಿನಲ್ಲಿ ಹೋಗುತ್ತಿದ್ದೆವು. ಈ ಸಲ ಮಗಳೂ ನಾನೂ ನಡೆದೇ ಹೋದೆವು. "ಬನ್ನಿ ತೆಗೆದುಕೊಂಡು ಬಂಗಾರದ ಹಾಗೆ ಇರೋಣ" ಎನ್ನುತ್ತ, ಹಿರಿಯರ ಕಾಲಿಗೆ ಬಾಗುತ್ತ ಒಂಬತ್ತು ಮನೆ ಮುಗಿಸಿದೆವು. ಎರಡು ಗಂಟೆ ನಡೆದಿದ್ದೇವೆಂದು ಗೊತ್ತಾದದ್ದು ಮನೆಗೆ ಬಂದು ಗಡಿಯಾರ ನೋಡಿದಾಗ.

ದೀಪಾವಳಿಯ ಬೆಳಗುಗಳಲ್ಲಿ ಪಟಾಕಿಯ ಹೊಗೆ ಬೀದಿಯಲ್ಲೇ ಕಟ್ಟಿಕೊಂಡಿತ್ತು. ಅಂಥ ಗಾಳಿಯಲ್ಲಿ ಬಿರುಸಾಗಿ ಉಸಿರೆಳೆಯಬಾರದೆಂದು ಕಿಟಕಿ ಮುಚ್ಚಿ ಹನ್ನೆರಡು ಸೂರ್ಯ ನಮಸ್ಕಾರ ಹಾಕಿದೆ.

ತಪ್ಪಿದ ದಿನಗಳೂ ಇವೆ. ಸೆಪ್ಟೆಂಬರಿನಲ್ಲಿ ಜ್ವರ ಬಂದು ನಾಲ್ಕು ದಿನ ಮಲಗಿದ್ದೆ. ತವರಿನಲ್ಲಿ ಒಂದು ದಿನ ಮಾತಿನಲ್ಲೇ ಕಳೆಯಿತು. ಹಳೆಯ ನಾನಾಗಿದ್ದರೆ ಅಲ್ಲಿಗೇ ಮುಗಿಯಿತು ಎನ್ನುತ್ತಿದ್ದೆ. ಅಭ್ಯಾಸ ಹೇಗೆ ಕೂಡಿಬರುತ್ತದೆ ಎಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಗಮನಿಸಿದ್ದರು. ಒಂದು ದಿನ ತಪ್ಪಿದರೆ ಅಭ್ಯಾಸ ಕೆಡುವುದಿಲ್ಲ ಎಂದು ಅವರು ಕಂಡುಕೊಂಡಿದ್ದನ್ನು ಓದಿದ್ದೆ. ಜ್ವರ ಬಿಟ್ಟ ಐದನೆಯ ದಿನ ಕೆರೆಯವರೆಗೆ ಹೋಗಲು ಕಾಲಲ್ಲಿ ಕಸುವಿರಲಿಲ್ಲ. ನಮ್ಮ ಬೀದಿಯ ಕೊನೆಯವರೆಗೆ ಹೋಗಿ ಬಂದೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ.

ಮುಂದಿನ ಕೆಂಪು ಗುರುತು ಸಂಕ್ರಾಂತಿಯ ಮೇಲಿದೆ. ಎಳ್ಳು ಬೆಲ್ಲ ಹಂಚಲು ನಡೆದೇ ಹೋಗೋಣವೆಂದು ಮಗಳು ಈಗಲೇ ಹೇಳಿಟ್ಟಿದ್ದಾಳೆ.